ಗೂಡ್ಸ್ ಗಾಡಿಯ ಚಿತ್ರ

ಹವ್ಯಾಸಗಳು ಹಲವು ಬಗೆ. ಅಂಚೆ ಚೀಟಿ ಕೂಡಿಡುವವರುಂಟು; ಹಳೆಯ ನಾಣ್ಯಗಳನ್ನು ಹುಡುಕುವವರುಂಟು; ಹಕ್ಕಿಗಳನ್ನು ನೋಡಲೆಂದು ಬೆಳಗಿನ ಜಾವದ ಚಳಿಯಲ್ಲಿ ಕೆರೆಯ ಏರಿಯ ಮೇಲೆ ಕೂರುವವರುಂಟು. ಇವರನ್ನು ಕಂಡು ಯಾರೂ ನಗುವುದಿಲ್ಲ. ಆದರೆ ರೈಲ್ವೆ ಗೇಟಿನ ಬಳಿ ಕ್ಯಾಮರಾ ಹಿಡಿದು ನಿಂತವನೊಬ್ಬ ಗೂಡ್ಸ್ ಗಾಡಿಗಾಗಿ ಕಾಯುತ್ತಿದ್ದಾನೆಂದು ತಿಳಿದರೆ ನಗದವರು ಅಪರೂಪ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ನಗೆಗೆ ಗುರಿಯಾದವನು ನಾನು.

"ಎಕ್ಸ್‌ಪ್ರೆಸ್ಸು ಆಗಲೇ ಹೋಯಿತಲ್ಲ ಮೇಷ್ಟ್ರೇ, ಇನ್ನೂ ಯಾಕೆ ನಿಂತಿದ್ದೀರಿ?" ಎಂದು ಒಮ್ಮೆ ಗೇಟಿನವನು ಕೇಳಿದ. "ಹಿಂದೆ ಗೂಡ್ಸ್ ಬರುತ್ತದಲ್ಲಪ್ಪ, ಅದಕ್ಕೆ" ಎಂದೆ. ಅವನು ನನ್ನನ್ನೊಮ್ಮೆ, ಕ್ಯಾಮರಾವನ್ನೊಮ್ಮೆ ನೋಡಿ, "ಅದರಲ್ಲೇನಿದೆ? ಬರೀ ಡಬ್ಬಗಳು" ಎಂದು ಹೇಳಿ ಗೇಟು ಎತ್ತಲು ಹೋದ. ಅದರಲ್ಲಿ ಏನಿದೆ ಎಂಬುದನ್ನು ನಾಲ್ಕು ಮಾತಿನಲ್ಲಿ ವಿವರಿಸುವುದೂ, ಈ ಹವ್ಯಾಸದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ವಿದ್ಯಾರ್ಥಿ ಮಿತ್ರರ ಮುಂದೆ ಒಪ್ಪಿಕೊಳ್ಳುವುದೂ ಈ ಲೇಖನದ ಉದ್ದೇಶ.

ಮೊದಲು ಎಂಜಿನ್ನನ್ನು ಓದುವುದನ್ನು ಕಲಿಯಬೇಕು. ಓದುವುದು ಎಂದರೆ ಅಕ್ಷರಶಃ ಓದುವುದೇ. ನಮ್ಮ ದೇಶದ ಪ್ರತಿಯೊಂದು ಎಂಜಿನ್ನಿನ ಮೈಮೇಲೂ ಕೆಲವು ಇಂಗ್ಲಿಷ್ ಅಕ್ಷರಗಳೂ ಒಂದು ಸಂಖ್ಯೆಯೂ ಬರೆದಿರುತ್ತವೆ. ಮೊದಲನೆಯ ಅಕ್ಷರ ಹಳಿಯ ಅಗಲವನ್ನು ಹೇಳುತ್ತದೆ: 'ಡಬ್ಲ್ಯು' ಎಂದರೆ 1676 ಮಿಲಿಮೀಟರಿನ ಬ್ರಾಡ್ ಗೇಜ್, 'ವೈ' ಎಂದರೆ 1000 ಮಿಲಿಮೀಟರಿನ ಮೀಟರ್ ಗೇಜ್. ಎರಡನೆಯದು ಶಕ್ತಿಯ ಮೂಲ: 'ಡಿ' ಎಂದರೆ ಡೀಸೆಲ್, 'ಎ' ಎಂದರೆ ಪರ್ಯಾಯ ವಿದ್ಯುತ್ತು. ಮೂರನೆಯದು ಕೆಲಸ: 'ಪಿ' ಪ್ರಯಾಣಿಕರ ಗಾಡಿಗೆ, 'ಜಿ' ಗೂಡ್ಸಿಗೆ, 'ಎಂ' ಎರಡಕ್ಕೂ, 'ಎಸ್' ಯಾರ್ಡಿನೊಳಗಿನ ಶಂಟಿಂಗಿಗೆ. ಕೊನೆಯ ಅಂಕೆ ಮಾದರಿಯ ಗುರುತು. ಇಷ್ಟು ತಿಳಿದವನಿಗೆ 'ಡಬ್ಲ್ಯು.ಡಿ.ಜಿ.-4' ಎಂಬ ಬರಹ ಕಂಡೊಡನೆ, ಇದು ಬ್ರಾಡ್ ಗೇಜಿನ ಮೇಲೆ ಸರಕು ಎಳೆಯುವ ಡೀಸೆಲ್ ಎಂಜಿನ್ನು ಎಂದು ಗೊತ್ತಾಗಿಬಿಡುತ್ತದೆ. 4000 ಅಶ್ವಶಕ್ತಿಯ ಈ ಮಾದರಿಯ ಮೊದಲ ಎಂಜಿನ್ನುಗಳು 1999ರಲ್ಲಿ ಅಮೆರಿಕದಿಂದ ಬಂದು ನಮ್ಮ ಹುಬ್ಬಳ್ಳಿಯ ಷೆಡ್ಡಿಗೆ ಸೇರಿದವು. ಆಮೇಲೆ ಅವನ್ನು ವಾರಾಣಸಿಯಲ್ಲೇ ಕಟ್ಟಿದರು. ಬಿಹಾರದ ಮಧೇಪುರದಲ್ಲಿ ತಯಾರಾಗಿ 2020ರಲ್ಲಿ ಸೇವೆಗಿಳಿದ 'ಡಬ್ಲ್ಯು.ಎ.ಜಿ.-12' 12,000 ಅಶ್ವಶಕ್ತಿಯದು. ಎರಡು ಎಂಜಿನ್ನುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದಂತೆ ಎರಡು ಭಾಗಗಳಾಗಿದೆ.

ಪ್ರಯಾಣಿಕರ ಎಂಜಿನ್ನಿಗೂ ಗೂಡ್ಸ್ ಎಂಜಿನ್ನಿಗೂ ಇರುವ ಅಂತರ ಓಟದ ಕುದುರೆಗೂ ಗಾಡಿಯ ಎತ್ತಿಗೂ ಇರುವ ಅಂತರದಂತಹದು. ಮೊದಲನೆಯದಕ್ಕೆ ವೇಗ ಬೇಕು. ಎರಡನೆಯದಕ್ಕೆ ನಿಂತಲ್ಲಿಂದ ಕದಲಿಸುವ ಬಲ ಬೇಕು. ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಹಿಡಿದುಕೊಳ್ಳುವ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ಎಂಜಿನ್ನಿನ ಭಾರವನ್ನು ಅವಲಂಬಿಸಿರುವುದರಿಂದ ಗೂಡ್ಸ್ ಎಂಜಿನ್ನು ಭಾರವಾಗಿರಲೇಬೇಕು. ಹಳಿ ಒದ್ದೆಯಾದರೆ ಹಿಡಿತ ತಪ್ಪಿ ಚಕ್ರ ನಿಂತಲ್ಲೇ ತಿರುಗುತ್ತದೆ. ಆಗ ಚಕ್ರದ ಮುಂದಿನ ಕೊಳವೆಯಿಂದ ಹಳಿಯ ಮೇಲೆ ಮರಳು ಸುರಿಸುತ್ತಾರೆ. ಮಳೆಗಾಲದಲ್ಲಿ ಏರು ಹತ್ತುವ ಎಂಜಿನ್ನಿನ ಚಕ್ರಗಳ ಹತ್ತಿರ ಮರಳಿನ ಪುಡಿ ಹಾರುವುದನ್ನು ಚಿತ್ರದಲ್ಲಿ ಹಿಡಿಯಬಹುದು. ನೋಡುವವರಿಗೆ ಅದು ಧೂಳು. ತಿಳಿದವರಿಗೆ ಡ್ರೈವರನ ಕಷ್ಟ.

ಈ ಕಷ್ಟವನ್ನು ನೋಡಬೇಕಾದರೆ ಪಶ್ಚಿಮ ಘಟ್ಟಕ್ಕೆ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಮ್ಮಿಗೆ ಇಳಿಯುವ ಹಳಿಯ ಇಳಿಜಾರು 37ಕ್ಕೆ 1. ಎಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಎತ್ತರದ ವ್ಯತ್ಯಾಸ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯಲ್ಲಿ ಇದು 50ಕ್ಕೆ 1. ಅಲ್ಲಿ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಕಣ್ಣಿಗೆ ಈ ಏರು ಏನೂ ಅಲ್ಲವೆನಿಸುತ್ತದೆ. ನಮ್ಮ ಎತ್ತಿನ ಗಾಡಿಗಳು ಇದಕ್ಕಿಂತ ಕಡಿದಾದ ದಿಣ್ಣೆ ಹತ್ತುತ್ತಿದ್ದವು. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಕಲ್ಲಿದ್ದಲು ತುಂಬಿದ 58 ವ್ಯಾಗನ್ನುಗಳ ಒಂದು ಗಾಡಿಯ ತೂಕ ಸುಮಾರು 4,700 ಟನ್ನು. 37ಕ್ಕೆ 1 ಏರಿನಲ್ಲಿ ಈ ತೂಕದ ಮೂವತ್ತೇಳನೆಯ ಒಂದು ಪಾಲು, ಎಂದರೆ ಸುಮಾರು 127 ಟನ್ನಿನಷ್ಟು ಬಲ, ಗಾಡಿಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. 126 ಟನ್ ತೂಗುವ ಡಬ್ಲ್ಯು.ಡಿ.ಜಿ.-4 ಎಂಜಿನ್ನು ಹಳಿ ಒಣಗಿದ್ದಾಗ ತನ್ನ ಭಾರದ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಎಳೆಯಬಲ್ಲದು. ಹಾಗಾದರೆ ಒಂದೆರಡು ಎಂಜಿನ್ನುಗಳಿಂದ ಕೆಲಸ ನಡೆಯುವುದಿಲ್ಲ, ನಾಲ್ಕೈದು ಬೇಕು.

ಅಷ್ಟನ್ನೂ ಮುಂದೆಯೇ ಕಟ್ಟಬಾರದೇಕೆ ಎಂದು ಕೇಳಬಹುದು. ಎಲ್ಲ ಎಳೆತವೂ ಮೊದಲನೆಯ ವ್ಯಾಗನ್ನಿನ ಕೊಂಡಿಯ ಮೇಲೆ ಬಿದ್ದರೆ ಕೊಂಡಿ ಕಿತ್ತು ಹೋಗುತ್ತದೆ. ಆದುದರಿಂದ ಕೆಲವು ಎಂಜಿನ್ನುಗಳು ಮುಂದಿನಿಂದ ಎಳೆದರೆ ಕೆಲವು ಹಿಂದಿನಿಂದ ನೂಕುತ್ತವೆ. ಹೀಗೆ ನೂಕುವವನ್ನು ರೈಲ್ವೆಯವರು 'ಬ್ಯಾಂಕರ್' ಎನ್ನುತ್ತಾರೆ. ತಿರುವಿನಲ್ಲಿ ನಿಂತರೆ ಗಾಡಿಯ ತಲೆ ಕಣ್ಮರೆಯಾದ ಮೇಲೂ ಎಷ್ಟೋ ಹೊತ್ತು ವ್ಯಾಗನ್ನುಗಳು ಸಾಗುತ್ತಿರುತ್ತವೆ. ಕೊನೆಗೆ, ಎಲ್ಲ ಮುಗಿಯಿತೆಂದು ನಾವು ಕ್ಯಾಮರಾ ಇಳಿಸುವ ವೇಳೆಗೆ, ಬ್ಯಾಂಕರುಗಳು ನೆಲ ನಡುಗಿಸುತ್ತ ಬರುತ್ತವೆ. ಹೊಸಬರೆಲ್ಲ ಈ ಚಿತ್ರವನ್ನು ತಪ್ಪಿಸಿಕೊಳ್ಳುತ್ತಾರೆ. ನಾನೂ ತಪ್ಪಿಸಿಕೊಂಡಿದ್ದೆ. ಇಳಿಯುವ ಗಾಡಿಯ ಚಿಂತೆ ಬೇರೆ. ಅದನ್ನು ತಡೆದು ಹಿಡಿಯಬೇಕು. ಆಗ ಚಕ್ರ ತಿರುಗಿಸುವ ಮೋಟಾರುಗಳೇ ವಿದ್ಯುತ್ ಹುಟ್ಟಿಸುವ ಯಂತ್ರಗಳಾಗಿ ಗಾಡಿಯ ಓಟವನ್ನು ಹೀರಿಕೊಳ್ಳುತ್ತವೆ. ಡೀಸೆಲ್ ಎಂಜಿನ್ನಿನಲ್ಲಾದರೆ ಆ ವಿದ್ಯುತ್ತು ಶಾಖವಾಗಿ ಎಂಜಿನ್ನಿನ ಮೇಲ್ಭಾಗದಿಂದ ಹೊರಬೀಳುತ್ತದೆ. ಅದರ ಮೇಲಿನ ಗಾಳಿ ಬಿಸಿಲುಗುದುರೆಯಂತೆ ನಡುಗುವುದನ್ನು ಒಳ್ಳೆಯ ಚಿತ್ರದಲ್ಲಿ ಕಾಣಬಹುದು.

ಘಾಟಿಯಲ್ಲಿ ಎಂಜಿನ್ನೇ ನಾಯಕ. ಯಾರ್ಡಿನಲ್ಲಿ ಹಾಗಲ್ಲ, ಅಲ್ಲಿ ಮನುಷ್ಯನದೇ ಮುಖ್ಯ ಪಾತ್ರ. ಯಾರ್ಡೆಂದರೆ ಗೂಡ್ಸ್ ಗಾಡಿಗಳ ಸಂತೆಮಾಳ. ಹಿಂದೆ ನಾನಾ ಊರುಗಳಿಂದ ಬಂದ ಗಾಡಿಗಳನ್ನು ಅಲ್ಲಿ ಬಿಚ್ಚಿ, ಯಾವ ವ್ಯಾಗನ್ನು ಯಾವ ದಿಕ್ಕಿಗೆ ಹೋಗಬೇಕೋ ನೋಡಿ ವಿಂಗಡಿಸಿ, ಹೊಸ ಗಾಡಿಗಳನ್ನು ಕಟ್ಟುತ್ತಿದ್ದರು. 2018ರಿಂದ ಪಂಡಿತ್ ದೀನ ದಯಾಳ್ ಉಪಾಧ್ಯಾಯ ಜಂಕ್ಷನ್ ಎಂದು ಕರೆಯಲ್ಪಡುವ ಮೊಗಲ್‌ಸರಾಯಿಯಂತಹ ದೊಡ್ಡ ಯಾರ್ಡುಗಳಲ್ಲಿ ಇದಕ್ಕಾಗಿ ಒಂದು ದಿಬ್ಬವನ್ನೇ ಕಟ್ಟಿದ್ದರು. ಎಂಜಿನ್ನು ವ್ಯಾಗನ್ನುಗಳನ್ನು ಹಿಂದಿನಿಂದ ನಿಧಾನವಾಗಿ ದಿಬ್ಬದ ನೆತ್ತಿಗೆ ನೂಕುತ್ತದೆ. ಅಲ್ಲಿ ಕೊಂಡಿ ಕಳಚಿದ ವ್ಯಾಗನ್ನು ತನ್ನ ಭಾರದಿಂದಲೇ ಉರುಳಿ, ಪಾಯಿಂಟುಗಳು ತಿರುಗಿಸಿದ ಹಾದಿ ಹಿಡಿದು ತನಗೆ ಗೊತ್ತಾದ ಸಾಲನ್ನು ಸೇರುತ್ತದೆ. ಚಿಕ್ಕ ಯಾರ್ಡುಗಳಲ್ಲಿ ದಿಬ್ಬವಿಲ್ಲ. ಶಂಟಿಂಗ್ ಎಂಜಿನ್ನು ಹಿಂದೆ ಮುಂದೆ ಓಡಾಡಿಯೇ ಈ ಕೆಲಸ ಮುಗಿಸಬೇಕು.

ಪಾಯಿಂಟ್ಸ್‌ಮನ್ನನು ಹಸಿರು ಕೆಂಪು ಬಾವುಟಗಳನ್ನು ಹಿಡಿದು ಹಳಿಯಿಂದ ಹಳಿಗೆ ನಡೆಯುತ್ತಿರುತ್ತಾನೆ. ಹಳೆಯ ಬ್ರಾಡ್ ಗೇಜ್ ವ್ಯಾಗನ್ನುಗಳ ತಿರುಪಿನ ಕೊಂಡಿಯನ್ನು ಹಾಕಲು ಆಳು ಎರಡು ವ್ಯಾಗನ್ನುಗಳ ನಡುವೆ ಬಗ್ಗಿ ನುಗ್ಗಬೇಕಾಗಿತ್ತು. ಅವನ ಜೀವ ಡ್ರೈವರನ ಕೈಯಲ್ಲಿ. ಡ್ರೈವರನ ಕಣ್ಣು ಅವನ ಬಾವುಟದ ಮೇಲೆ. ಈ ನಂಬಿಕೆಯ ಮೇಲೆ ಯಾರ್ಡು ನಡೆಯುತ್ತಿತ್ತು. 1980ರ ದಶಕದಿಂದ ಈಚೆಗೆ ಇಡೀ ಗಾಡಿಗೆ ಒಂದೇ ಸರಕು ತುಂಬಿ ಹೊರಟಲ್ಲಿಂದ ಸೇರುವಲ್ಲಿಗೆ ನೇರವಾಗಿ ಓಡಿಸುವ ಪದ್ಧತಿ ಬಲಿತು, ವಿಂಗಡಿಸುವ ಕೆಲಸ ಬಹಳ ಮಟ್ಟಿಗೆ ನಿಂತಿತು. ಕೊಂಡಿಗಳು ತಾವೇ ಕಚ್ಚಿಕೊಳ್ಳುವಂತಾದವು. ಗಾಡಿಯ ಬಾಲದಲ್ಲಿ ಕೂರುವ ಗಾರ್ಡಿನ ಹುದ್ದೆಯ ಹೆಸರು ಕೂಡ 2022ರಲ್ಲಿ 'ಟ್ರೈನ್ ಮ್ಯಾನೇಜರ್' ಎಂದಾಯಿತು. ಇದರಲ್ಲಿ ಬಹುಪಾಲು ಒಳ್ಳೆಯದೇ ಆಗಿದೆ. ವ್ಯಾಗನ್ನುಗಳ ನಡುವೆ ಮನುಷ್ಯ ನುಗ್ಗದಿರುವುದೇ ಲೇಸು. ಆದರೆ ಇದ್ದುದು ಹೇಗಿತ್ತೆಂದು ಮುಂದಿನವರಿಗೆ ಯಾರು ಹೇಳಬೇಕು?

ಹೇಳಿದವರು ಬೇರೆ ದೇಶದಲ್ಲಿ ಇಬ್ಬರಿದ್ದಾರೆ. ಇಬ್ಬರೂ 1914ರಲ್ಲಿ ಹುಟ್ಟಿದವರು. ಒಬ್ಬನು ಜ್ಯಾಕ್ ಡೆಲಾನೊ. ಉಕ್ರೇನಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈತ, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942-43ರಲ್ಲಿ, ಸರ್ಕಾರದ ಪರವಾಗಿ ಷಿಕಾಗೋ ಮೊದಲಾದ ಕಡೆಗಳ ರೈಲ್ವೆ ಯಾರ್ಡುಗಳ ಚಿತ್ರ ತೆಗೆದನು. ಹಿಮ ಮುಸುಕಿದ ಹಳಿಗಳು, ದಿಬ್ಬದಿಂದ ಉರುಳುವ ವ್ಯಾಗನ್ನುಗಳು, ಗಂಡಸರು ಯುದ್ಧಕ್ಕೆ ಹೋದುದರಿಂದ ಎಂಜಿನ್ನು ತೊಳೆಯುವ ಕೆಲಸಕ್ಕೆ ಬಂದ ಹೆಂಗಸರು, ಎಲ್ಲವೂ ಆ ಚಿತ್ರಗಳಲ್ಲಿವೆ. ಹಲವು ಬಣ್ಣದ ಫಿಲ್ಮಿನಲ್ಲಿವೆ. ಅವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದು ಯಾರು ಬೇಕಾದರೂ ನೋಡಬಹುದು. ನನ್ನನ್ನು ತಡೆದು ನಿಲ್ಲಿಸಿದ್ದು ಚಿತ್ರಗಳ ಕೆಳಗಿನ ಬರಹ. ಬೆಸುಗೆ ಹಾಕುವವನಿಗೂ ಎಂಜಿನ್ನು ಒರೆಸುವವಳಿಗೂ ಅಲ್ಲಿ ಹೆಸರಿದೆ. ಊರು, ಯಾರ್ಡು, ಮಾಡುತ್ತಿರುವ ಕೆಲಸ, ಎಲ್ಲದರ ಉಲ್ಲೇಖವೂ ಇದೆ.

ಇನ್ನೊಬ್ಬನು ಓ. ವಿನ್‌ಸ್ಟನ್ ಲಿಂಕ್. ನ್ಯೂಯಾರ್ಕಿನಲ್ಲಿ ಜಾಹೀರಾತಿನ ಚಿತ್ರ ತೆಗೆಯುವುದು ಈತನ ವೃತ್ತಿ. ಉಗಿ ಎಂಜಿನ್ನುಗಳನ್ನು ಇನ್ನೂ ಬಿಡದಿದ್ದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯಲ್ಲಿ ಅವುಗಳ ಕೊನೆಯ ದಿನಗಳನ್ನು ಈತ 1955ರಿಂದ 1960ರ ವರೆಗೆ, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ, ಚಿತ್ರಿಸಿದನು. ಸೂರ್ಯನನ್ನು ತನಗೆ ಬೇಕಾದ ಕಡೆ ನಿಲ್ಲಿಸಲಾಗದೆಂದು ಕತ್ತಲೆಯಲ್ಲಿ ಹತ್ತಾರು ಫ್ಲಾಷ್ ಬಲ್ಬುಗಳನ್ನು ತಂತಿಯಿಂದ ಜೋಡಿಸಿ, ಗಾಡಿ ಬಂದ ಕ್ಷಣದಲ್ಲಿ ಎಲ್ಲವನ್ನೂ ಒಟ್ಟಿಗೆ ಹೊತ್ತಿಸುತ್ತಿದ್ದನು. 1956ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ತೆಗೆದ ಒಂದು ಚಿತ್ರ ಬಹು ಪ್ರಸಿದ್ಧ: ಕಾರುಗಳಲ್ಲಿ ಕುಳಿತು ಬಯಲಿನಲ್ಲಿ ಸಿನಿಮಾ ನೋಡುತ್ತಿರುವ ಜನ, ತೆರೆಯ ಮೇಲೆ ಒಂದು ವಿಮಾನ, ಹಿಂದೆ ಬಿಳಿಯ ಉಗಿ ಕಕ್ಕುತ್ತ ಹಾಯುವ ಗೂಡ್ಸ್ ಎಂಜಿನ್ನು. ನಿಜವೇನೆಂದರೆ, ಫ್ಲಾಷಿನ ಬೆಳಕಿನಲ್ಲಿ ತೆರೆಯ ಮೇಲಿನ ಬಿಂಬ ಅಳಿಸಿ ಹೋಗಿ, ವಿಮಾನವನ್ನು ಲಿಂಕ್ ಆಮೇಲೆ ಕತ್ತಲ ಕೋಣೆಯಲ್ಲಿ ಕೂಡಿಸಿದನು. ಇದನ್ನು ತಿಳಿದು ನನಗೆ ಮೊದಲು ಬೇಸರವಾಯಿತು. ಈಗ ಅವನನ್ನು ದೂರುವ ಧೈರ್ಯ ನನಗಿಲ್ಲ. ಅವನು ಚಿತ್ರಕ್ಕೆ ಒಂದನ್ನು ಸೇರಿಸಿದ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಅದನ್ನು ಹೇಳುವ ಮೊದಲು ಕೈಗೆಲಸದ ವಿಚಾರ ಎರಡು ಮಾತು. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಹದಿನಾರೂವರೆ ಮೀಟರಿಗೂ ಹೆಚ್ಚು ಸಾಗುತ್ತದೆ. ಕ್ಯಾಮರಾದ ಕಣ್ಣು ಸೆಕೆಂಡಿನ ಅರವತ್ತನೆಯ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಗಾಡಿ 28 ಸೆಂಟಿಮೀಟರು ಜರುಗಿ ಚಿತ್ರ ಕಲಸಿ ಹೋಗುತ್ತದೆ. ಸಾವಿರದ ಒಂದು ಭಾಗವಾದರೆ ಜರುಗುವುದು ಎರಡು ಸೆಂಟಿಮೀಟರಿಗೂ ಕಡಮೆ. ಗಾಡಿ ನಮ್ಮೆದುರು ಅಡ್ಡಲಾಗಿ ಹಾಯುವುದಕ್ಕಿಂತ ಓರೆಯಾಗಿ ನಮ್ಮತ್ತ ಬರುವಾಗ ಈ ಜರುಗು ಇನ್ನೂ ಕಡಮೆಯಾಗಿ ಕಾಣುತ್ತದೆ. ನಡುಹಗಲಿನಲ್ಲಿ ಎಂಜಿನ್ನಿನ ನೆತ್ತಿ ಬೆಳಗುತ್ತದೆ, ಚಕ್ರಗಳು ಕತ್ತಲೆಯಲ್ಲಿ ಮುಳುಗುತ್ತವೆ; ಚಕ್ರ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ಬೇಕು. ಪೂರ್ವ ಪಶ್ಚಿಮವಾಗಿ ಹಾಯುವ ಹಳಿಯಾದರೆ ದಕ್ಷಿಣಕ್ಕೆ ನಿಲ್ಲಬೇಕೆಂಬುದು ಸಾಮಾನ್ಯ ನಿಯಮ. ಆದರೆ ನಮ್ಮ ಸೀಮೆಯಲ್ಲಿ ಮೇ ತಿಂಗಳಿಂದ ಆಗಸ್ಟಿನ ಮೊದಲ ಭಾಗದವರೆಗೆ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಆಗ ಉತ್ತರದ ಬದಿಯೇ ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಎಲ್ಲಿ ನಿಲ್ಲಬಾರದು ಎಂಬುದು. ಅಪ್ಪಣೆಯಿಲ್ಲದೆ ಹಳಿಯ ಮೇಲೆ ಅಥವಾ ಯಾರ್ಡಿನೊಳಗೆ ಕಾಲಿಡುವುದು 1989ರ ರೈಲ್ವೆ ಕಾಯಿದೆಯ 147ನೆಯ ಸೆಕ್ಷನ್ನಿನಂತೆ ಅಪರಾಧ. ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ ವಿಧಿಸಬಹುದು. ಕಾಯಿದೆ ಹಾಗಿರಲಿ; ಒಂದು ಹಳಿಯ ಗಾಡಿಯನ್ನು ನೋಡುತ್ತ ನಿಂತವನಿಗೆ ಪಕ್ಕದ ಹಳಿಯ ಗಾಡಿಯ ಸದ್ದು ಕೇಳಿಸುವುದಿಲ್ಲ. ಸಾರ್ವಜನಿಕ ರಸ್ತೆಯ ಸೇತುವೆ, ಗೇಟಿನ ಹೊರಗಿನ ಜಾಗ, ಹಳಿಯಿಂದ ದೂರದ ಹೊಲದ ಬದು, ಇಷ್ಟು ಸಾಕು. ಒಳಗೆ ಹೋಗಲೇಬೇಕಾದರೆ ಮುಂಚಿತವಾಗಿ ಅರ್ಜಿ ಬರೆದು ಅಪ್ಪಣೆ ಪಡೆದು, ಅವರು ಕೊಟ್ಟ ಆಳಿನ ಜೊತೆಯಲ್ಲೇ ಹೋಗಬೇಕು.

ಇನ್ನು ನನ್ನ ತಪ್ಪು. ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜಿಗೆ ತರುವ ಯೋಜನೆ 1992ರಲ್ಲಿ ಆರಂಭವಾದಾಗ ನಮ್ಮ ಸೀಮೆಯ ಮೀಟರ್ ಗೇಜ್ ಇನ್ನು ಕೆಲವೇ ದಿನ ಎಂದು ತಿಳಿದು, 1993ರ ಒಂದು ಬೆಳಿಗ್ಗೆ ಅಪ್ಪಣೆ ಪಡೆದು ಒಂದು ಚಿಕ್ಕ ಜಂಕ್ಷನ್ನಿನ ಯಾರ್ಡಿಗೆ ಹೋದೆ. ವೈ.ಡಿ.ಎಂ.-4 ಎಂಜಿನ್ನೊಂದು ಶಂಟಿಂಗ್ ಮಾಡುತ್ತಿತ್ತು. ಒಳ್ಳೆಯ ಬಿಸಿಲು. ಚಿತ್ರ ಚೆನ್ನಾಗಿಯೇ ಬಂತು. ಆದರೆ ಅದರ ಎಡ ಅಂಚಿನಲ್ಲಿ ಬಾವುಟ ಎತ್ತಿ ಹಿಡಿದ ಪಾಯಿಂಟ್ಸ್‌ಮನ್ ಒಬ್ಬನು ನಿಂತಿದ್ದ. ಆಗ ನನಗೆ ಎಂಜಿನ್ನು ಮಾತ್ರ ಬೇಕಾಗಿತ್ತು. ಮನುಷ್ಯ ಚಿತ್ರವನ್ನು ಕೆಡಿಸಿದನೆಂದುಕೊಂಡು, ಪ್ರಿಂಟು ಹಾಕಿಸುವಾಗ ಅವನನ್ನು ಕತ್ತರಿಸಿ ತೆಗೆಸಿದೆ. ಬಾವುಟ ಹಿಡಿದ ಕೈ ಮೊಣಕೈವರೆಗೆ ಎಂಜಿನ್ನಿಗೆ ಅಡ್ಡ ಬಂದುದರಿಂದ ಅದು ಮಾತ್ರ ಉಳಿಯಿತು. ಪ್ರಿಂಟಿನ ಹಿಂದೆ ತಾರೀಖು, ಊರು, ಎಂಜಿನ್ನಿನ ಸಂಖ್ಯೆ ಎಲ್ಲವನ್ನೂ ಬರೆದಿಟ್ಟೆ. ಮನುಷ್ಯನ ಹೆಸರನ್ನು ಬರೆಯಲಿಲ್ಲ; ಕೇಳಲೂ ಇಲ್ಲ. ನೆಗೆಟಿವನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿದೆ. ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ಅದಕ್ಕೆ ಬೂಷ್ಟು ಹಿಡಿದು ಹೋಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಸ್ತುಪ್ರದರ್ಶನದಲ್ಲಿ ನನ್ನ ಚಿತ್ರಗಳನ್ನು ತೂಗುಹಾಕಿದ್ದೆ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಈ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. "ಏನಮ್ಮ, ರೈಲು ಅಷ್ಟು ಇಷ್ಟವೇ?" ಎಂದೆ. "ಇಲ್ಲ ಸಾರ್, ನಮ್ಮ ತಾತ ಅದೇ ಊರಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಈ ಕೈ ಅವರದೇ ಇರಬಹುದಾ? ಚಿತ್ರದಲ್ಲಿ ಇವರ ಮುಖ ಇರಲಿಲ್ಲವಾ?" ಎಂದು ಕೇಳಿದಳು. ತಾತ ತೀರಿಹೋಗಿ ಬಹಳ ವರ್ಷವಾಗಿತ್ತಂತೆ. ಮನೆಯಲ್ಲಿ ಮದುವೆಯ ಫೋಟೋ ಒಂದಿದೆಯೇ ಹೊರತು ಕೆಲಸದ ಉಡುಪಿನಲ್ಲಿ ಅವರನ್ನು ಕಂಡ ಚಿತ್ರ ಒಂದೂ ಇಲ್ಲವಂತೆ.

ಮುಖ ಇತ್ತು, ನಾನು ಕತ್ತರಿಸಿದೆ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹೇಳಿದೆ. ಆ ಹುಡುಗಿ ಏನೂ ಅನ್ನಲಿಲ್ಲ. ತನ್ನ ಮೊಬೈಲಿನಲ್ಲಿ ಆ ಕೈಯ ಚಿತ್ರವನ್ನು ಮಾತ್ರ ತೆಗೆದುಕೊಂಡು, "ಅಜ್ಜಿಗೆ ತೋರಿಸುತ್ತೇನೆ ಸಾರ್" ಎಂದು ಹೋದಳು. ಮೂರು ದಿನ ಕಳೆದು ಬಂದು, "ಅಜ್ಜಿಗೂ ಗೊತ್ತಾಗಲಿಲ್ಲ ಸಾರ್. ಆದರೂ ಇಟ್ಟುಕೋ ಅಂದರು" ಎಂದಳು.

ಆ ಎಂಜಿನ್ನಿನ ಮಾದರಿಯ ಚಿತ್ರಗಳು ನೂರಾರು ಸಿಕ್ಕುತ್ತವೆ. ಅದರ ಅಶ್ವಶಕ್ತಿ, ತೂಕ, ಅಚ್ಚುಗಳ ಸಂಖ್ಯೆ ಪುಸ್ತಕಗಳಲ್ಲಿವೆ. ನಾನು ತೆಗೆಯದಿದ್ದರೂ ಲೋಕಕ್ಕೆ ನಷ್ಟವಿರಲಿಲ್ಲ. ಬೇರೆಲ್ಲೂ ಸಿಕ್ಕದಿದ್ದುದು ಆ ಅಂಚಿನ ಮನುಷ್ಯನೊಬ್ಬನೇ. ಚಿತ್ರದಲ್ಲಿ ಬೆಲೆಯುಳ್ಳದ್ದು ಯಾವುದು ಎಂಬುದು ತೆಗೆಯುವ ದಿನ ತೆಗೆಯುವವನಿಗೆ ತಿಳಿಯುವುದಿಲ್ಲ. ಈ ಹವ್ಯಾಸ ನನಗೆ ಕಲಿಸಿದ ಪಾಠ ಇದೊಂದೇ.

ಈಗ ದೇಶದ ಬ್ರಾಡ್ ಗೇಜ್ ಹಳಿಗಳ ಬಹುಪಾಲಿನ ಮೇಲೆ ವಿದ್ಯುತ್ ತಂತಿ ಬಂದಿದೆ. ನಮ್ಮ ಹಿರಿಯರಿಗೆ ಉಗಿ ಎಂಜಿನ್ನು ಹೇಗೋ ನಿಮಗೆ ಡೀಸೆಲ್ ಎಂಜಿನ್ನು ಹಾಗಾಗುವ ಕಾಲ ಇದು. ಕ್ಯಾಮರಾ ಕೊಳ್ಳುವ ಖರ್ಚು ನಿಮಗಿಲ್ಲ. ಅದು ಎಲ್ಲರ ಜೇಬಿನಲ್ಲೂ ಇದೆ. ಹಳಿಯಿಂದ ದೂರ ನಿಲ್ಲಿ. ಎಂಜಿನ್ನಿನ ಸಂಖ್ಯೆ, ತಾರೀಖು, ಊರು ಬರೆದುಕೊಳ್ಳಿ. ಮೂಲಚಿತ್ರವನ್ನು ಕತ್ತರಿಸದೆ ಹಾಗೆಯೇ ಎರಡು ಕಡೆ ಜೋಪಾನ ಮಾಡಿ. ಅಂಚಿನಲ್ಲಿ ಯಾರಾದರೂ ಬಾವುಟ ಹಿಡಿದು ನಿಂತಿದ್ದರೆ ಅವರ ಕೆಲಸ ಮುಗಿಯುವ ತನಕ ಕಾದು, ಹತ್ತಿರ ಹೋಗಿ ನಮಸ್ಕಾರ ಹೇಳಿ, "ತಮ್ಮ ಹೆಸರೇನು?" ಎಂದು ಕೇಳಿ. ನಾನು ಈಗ ಹಾಗೆಯೇ ಮಾಡುತ್ತೇನೆ. ಮೊದಲು ಅವರಿಗೆ ಆಶ್ಚರ್ಯವಾಗುತ್ತದೆ. ಆಮೇಲೆ ಅಂಗಿಯ ಗುಂಡಿ ಸರಿಪಡಿಸಿಕೊಂಡು, ಊರು ಸಮೇತ ಹೇಳುತ್ತಾರೆ.